ಹಿಡಿ ಅಕ್ಕಿಯ ಲೆಕ್ಕ

ಕನ್ನಡ ಬೈಬಲಿನಲ್ಲಿ ಒಂದು ಸೊಗಸಾದ ಮಾತಿದೆ: ಮನೆವಾರ್ತೆ. ಮನೆಯ ಆಗುಹೋಗುಗಳನ್ನು ನೋಡಿಕೊಳ್ಳುವವನು ಮನೆವಾರ್ತೆಯವನು. ದೊಡ್ಡ ಮನೆತನಗಳಲ್ಲಿ ಹಿಂದೆ ಪಾರುಪತ್ಯಗಾರನೆಂದು ಒಬ್ಬನಿರುತ್ತಿದ್ದನಲ್ಲ, ಹೆಚ್ಚುಕಡಿಮೆ ಅವನೇ ಇವನು. ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿ. ಆಳುಕಾಳುಗಳಿಗೆ ಹೊತ್ತುಹೊತ್ತಿಗೆ ಅಳೆದು ಕೊಡುವವನು ಅವನು. ಗೇಣಿ ವಸೂಲು ಮಾಡುವವನೂ ಅವನೇ. ಕಣಜದ ತುಂಬ ಭತ್ತವಿದ್ದರೂ ಅದರಲ್ಲಿ ಒಂದು ಕಾಳೂ ಅವನದಲ್ಲ. ಆದರೆ ಒಂದು ಕಾಳು ಹಾಳಾದರೂ ಅದಕ್ಕೆ ಉತ್ತರ ಹೇಳಬೇಕಾದವನು ಅವನು.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇವನಿಗೆ ಒಯ್ಕೊನೊಮೊಸ್ ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರಕ್ಕೆ ಎಕನಾಮಿಕ್ಸ್ ಎಂದು ಹೆಸರು ಬಂದದ್ದೂ ಇದೇ ಮೂಲದಿಂದ. ಅರ್ಥಶಾಸ್ತ್ರವೆಂದರೆ ಹಣದ ಶಾಸ್ತ್ರವೆಂದು ನಾವು ತಿಳಿದಿದ್ದೇವೆ. ಮೊದಲ ಅರ್ಥದಲ್ಲಿ ಅದು ಮನೆಯನ್ನು ಸರಿಯಾಗಿ ನಡೆಸುವ ಶಾಸ್ತ್ರ. ಮನೆಯಲ್ಲಿ ಯಾರಾದರೂ ಹಸಿದು ಮಲಗಿದರೆ, ಪೆಟ್ಟಿಗೆಯಲ್ಲಿ ಎಷ್ಟು ಹಣವಿದ್ದರೂ ಆ ಮನೆವಾರ್ತೆ ಕೆಟ್ಟಿತೆಂದೇ ಅರ್ಥ.

ಮನುಷ್ಯನ ಸ್ವತ್ತಿನ ವಿಷಯದಲ್ಲಿ ಕ್ರೈಸ್ತಧರ್ಮ ಹೇಳುವ ಮಾತು ಇದೇ. ಭೂಮಿ, ಬೆಳೆ, ಹಣ, ವಿದ್ಯೆ, ಆರೋಗ್ಯ, ಆಯುಸ್ಸು, ಇವುಗಳಲ್ಲಿ ಯಾವುದಕ್ಕೂ ನಾವು ಯಜಮಾನರಲ್ಲ. ಕೆಲವು ಕಾಲ ನೋಡಿಕೊಳ್ಳುವವರು. ಇದನ್ನು ಒಪ್ಪಿದರೆ ದಾನವೆಂಬ ಮಾತಿನ ಬಣ್ಣವೇ ಬೇರೆಯಾಗುತ್ತದೆ. ಯಜಮಾನನು ಕೊಟ್ಟರೆ ಅದು ಅವನ ಔದಾರ್ಯ. ಮನೆವಾರ್ತೆಯವನು ಕೊಟ್ಟರೆ ಅದು ಅವನ ಕೆಲಸ. ಕೊಟ್ಟೆನೆಂದು ಬೀಗುವುದಕ್ಕೆ ಅವನಿಗೆ ಎಡೆಯಿಲ್ಲ. ಕೊಡದಿದ್ದರೆ ಮಾತ್ರ ಅವನು ತಲೆತಗ್ಗಿಸಬೇಕು.

ಮಾತು ದೊಡ್ಡದಾಯಿತು, ಅಡಿಗೆಮನೆಗೆ ಬರೋಣ. ನಮ್ಮ ಕಡೆಯ ಅನೇಕ ಕ್ರೈಸ್ತ ಮನೆಗಳಲ್ಲಿ ಹಿಡಿ ಅಕ್ಕಿಯ ಪದ್ಧತಿಯುಂಟು. ಅನ್ನಕ್ಕೆ ಅಕ್ಕಿ ಅಳೆದಾಗ, ತೊಳೆಯುವುದಕ್ಕೆ ಮುಂಚೆ, ಮನೆಯಾಕೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ. ತಿಂಗಳಿಗೊಮ್ಮೆ ಆ ಡಬ್ಬಿ ದೇವಾಲಯಕ್ಕೆ ಬರುತ್ತದೆ. ಮಠಕ್ಕೋ ಭಿಕ್ಷಾನ್ನಕ್ಕೋ ಹೀಗೆಯೇ ಮುಷ್ಟಿ ಅಕ್ಕಿ ತೆಗೆದಿಡುವ ಮನೆಗಳು ಎಲ್ಲ ಮತಗಳ ನೆರೆಹೊರೆಯಲ್ಲಿ ಇರುವುದರಿಂದ ಕೇಳುವ ನಿಮಗೆ ಇದು ಹೊಸದಾಗಿ ಕಾಣಲಾರದು.

ಈ ಪದ್ಧತಿ ಒಂದು ನಾಡಿನ ಸಭೆಯನ್ನೇ ಹೇಗೆ ಎತ್ತಿ ನಿಲ್ಲಿಸಿತೆಂಬುದನ್ನು ಮಿಜೋರಾಮಿನಲ್ಲಿ ಕಾಣಬಹುದು. ಅಲ್ಲಿ ಇದಕ್ಕೆ ಬುಹ್‌ಫಾಯ್ ಥಾಮ್ ಎಂದು ಹೆಸರು. ಹಿಡಿ ಅಕ್ಕಿ ಎಂದೇ ಅರ್ಥ. ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರು 1910ರಲ್ಲಿ ಇದನ್ನು ಆರಂಭಿಸಿದರು. ಆಗ ಆ ಬೆಟ್ಟದ ಸೀಮೆಯಲ್ಲಿ ಹಣದ ಓಡಾಟವೇ ಕಡಿಮೆ. ಹೆಂಗಸರ ಕೈಯಲ್ಲಂತೂ ಕಾಸು ಇರುತ್ತಿರಲಿಲ್ಲ. ಆದರೆ ಅಕ್ಕಿಯ ಪಾತ್ರೆ ಅವರ ಕೈಯಲ್ಲಿತ್ತು. ಮರುವರ್ಷವೇ, 1911ರಲ್ಲಿ, ಬಿದಿರು ಹೂಬಿಟ್ಟಿತು. ಬಿದಿರಕ್ಕಿ ತಿಂದು ಇಲಿಗಳು ಹೆಚ್ಚಿದವು. ಇಲಿಗಳು ಬೆಳೆ ತಿಂದು ಕ್ಷಾಮ ಬಿತ್ತು. ಆ ಪದ್ಧತಿ ಮಾತ್ರ ಅಳಿಯಲಿಲ್ಲ. ಇಂದು ಅದರಿಂದ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ಶ್ರೀಮಂತರ ದೊಡ್ಡ ಚೆಕ್ಕಿನಿಂದ ಕೂಡಿದ ಹಣವಲ್ಲ ಅದು; ಒಲೆಯ ಮುಂದೆ ಕುಳಿತ ತಾಯಂದಿರ ಹಿಡಿಯಿಂದ ಬಂದದ್ದು.

ಈ ಪದ್ಧತಿಯ ಬೆಲೆ ಅಕ್ಕಿಯ ತೂಕದಲ್ಲಿಲ್ಲ, ಅದನ್ನು ತೆಗೆಯುವ ಹೊತ್ತಿನಲ್ಲಿದೆ. ಉಂಡು ಮಿಕ್ಕದ್ದನ್ನು ಕೊಡುವುದು ಒಂದು, ಉಣ್ಣುವುದಕ್ಕೆ ಮೊದಲೇ ತೆಗೆದಿಡುವುದು ಇನ್ನೊಂದು. ತಿಂಗಳ ಕೊನೆಯಲ್ಲಿ ಉಳಿದರೆ ಕೊಡೋಣ ಎಂದವರಿಗೆ ಉಳಿದದ್ದನ್ನು ನಾನು ಕಂಡಿಲ್ಲ, ನನಗೂ ಉಳಿದಿಲ್ಲ. ಮಂಗಳೂರಿನ ಕಡೆ ಸೆಪ್ಟೆಂಬರ್ 8ರಂದು ಕಥೋಲಿಕರು ಆಚರಿಸುವ ಮೊಂತಿ ಫೆಸ್ತಿನಲ್ಲಿಯೂ ಇದೇ ಭಾವವಿದೆ. ಹೊಸ ಭತ್ತದ ತೆನೆಯನ್ನು ಮೊದಲು ಇಗರ್ಜಿಗೆ ತಂದು ಆಶೀರ್ವದಿಸಿ, ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕೆಲವು ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮೊದಲ ತೆನೆ ನಮ್ಮದಲ್ಲವೆಂದು ಒಪ್ಪಿಕೊಂಡ ಮೇಲೆ ಉಳಿದ ಬೆಳೆ ನಮಗೆ ಪ್ರಸಾದವಾಗುತ್ತದೆ.

ಇಷ್ಟರವರೆಗೆ ಹೇಳಿದ್ದು ಕೊಡುವವರ ಮಾತು. ಸಭೆಗಳಲ್ಲಿ ಕಾಣಿಕೆಯ ಮೇಲೆ ಪ್ರಸಂಗವಾದಾಗಲೆಲ್ಲ ಇಲ್ಲಿಗೇ ಮುಗಿಸುವುದು ವಾಡಿಕೆ. ಆದರೆ ಮನೆವಾರ್ತೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅದನ್ನು ನನಗೆ ಕಲಿಸಿದವರು ಓದುಬರಹ ಬಾರದ ಒಬ್ಬ ಅಜ್ಜಿ.

ಮಲೆನಾಡಿನ ಒಂದು ಸಣ್ಣ ಊರಿನ ಸಭೆಯಲ್ಲಿ ನಾನು ಕೆಲವು ವರ್ಷ ಖಜಾಂಚಿಯಾಗಿದ್ದೆ. ಆ ಅಜ್ಜಿ ಕಾಫಿ ತೋಟದಲ್ಲಿ ಕೂಲಿ ಮಾಡಿ ಮುದುಕಿಯಾದವರು. ಪ್ರತಿ ತಿಂಗಳ ಮೊದಲ ಭಾನುವಾರ, ಹಳೆಯ ಸೀರೆಯಂಚಿನಿಂದ ಹೊಲಿದ ಒಂದು ಚೀಲದಲ್ಲಿ ಅಕ್ಕಿ ತರುತ್ತಿದ್ದರು. ನಾವು ಎಲ್ಲರ ಅಕ್ಕಿಯನ್ನೂ ಒಂದೇ ಗೋಣಿಗೆ ಸುರಿದು, ಆರಾಧನೆ ಮುಗಿದ ಮೇಲೆ ಯಾರಾದರೂ ಕೊಳ್ಳುವವರಿಗೆ ಮಾರಿ, ಬಂದ ಹಣವನ್ನು ಲೆಕ್ಕದ ಪುಸ್ತಕದಲ್ಲಿ ‘ಇತರ ಬಾಬು’ ಎಂದು ಬರೆಯುತ್ತಿದ್ದೆವು. ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ವಾರ್ಷಿಕ ಕೂಟದಲ್ಲಿ ಓದುತ್ತಿದ್ದೆ. ಇತರ ಬಾಬನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ.

ಒಂದು ಭಾನುವಾರ ಆ ಅಜ್ಜಿ ಚೀಲ ಕೊಟ್ಟವರು ಹೋಗದೆ ನಿಂತರು. “ಅಲ್ಲ ಕಣಪ್ಪಾ, ನಾನು ತಂದ ಅಕ್ಕಿ ಯಾರು ಉಂಡರು?” ಎಂದು ಕೇಳಿದರು. ಆಕ್ಷೇಪಣೆಯ ದನಿಯಲ್ಲ, ಮದುವೆಯಾಗಿ ಹೋದ ಮಗಳ ಯೋಗಕ್ಷೇಮ ಕೇಳುವ ಹಾಗೆ ಕೇಳಿದರು.

“ಸಭೆಯ ಕೆಲಸಕ್ಕೆ ಹೋಯಿತು, ಅಜ್ಜೀ,” ಎಂದೆ.

“ಯಾವ ಕೆಲಸ?”

ಆ ವರ್ಷ ನಾವು ಕಾಂಪೌಂಡು ಗೋಡೆಗೆ ಬಣ್ಣ ಹೊಡೆಸಿದ್ದೆವು, ಒಂದು ಹೊಸ ಧ್ವನಿವರ್ಧಕ ಕೊಂಡಿದ್ದೆವು. ಇದ್ದದ್ದನ್ನು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೋಡೆಗೆ ಅಂತ ಹೇಳಿದ್ರೆ ಗೋಡೆಗೇ ಏನಾದ್ರೂ ಕೊಡ್ತಿದ್ದೆ. ಇದು ಉಣ್ಣೋರಿಗೆ ಅಂತ ತೆಗೆದಿದ್ದು,” ಎಂದು ಹೇಳಿ ಖಾಲಿ ಚೀಲವನ್ನು ಮಡಿಸಿಕೊಂಡು ಹೋದರು.

ಪುಸ್ತಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ. ಲೆಕ್ಕ ತಪಾಸಣೆಯವರು ಸಹಿ ಹಾಕಿದ್ದರು. ಆದರೂ ಅಂದು ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಗಂಜಿಯಿಂದ ತೆಗೆದ ಹಿಡಿಯನ್ನು ಆಕೆ ನನ್ನ ಕೈಗೆ ಒಪ್ಪಿಸಿದ್ದರು. ಅದು ಎಲ್ಲಿಗೆ ಹೋಯಿತೆಂದು ಹೇಳಲು ನನಗೆ ಮುಖವಿರಲಿಲ್ಲ.

ಆಮೇಲೆ ಸುವಾರ್ತೆಯಲ್ಲಿ ಬಡ ವಿಧವೆಯ ಕಥೆಯನ್ನು ಹೊಸದಾಗಿ ಓದಿದೆ. ಕಥೆ ಎಲ್ಲರಿಗೂ ಗೊತ್ತು. ಯೆರೂಸಲೇಮಿನ ದೇವಾಲಯದಲ್ಲಿ ಐಶ್ವರ್ಯವಂತರು ಬೊಕ್ಕಸಕ್ಕೆ ದೊಡ್ಡ ಹಣ ಹಾಕುತ್ತಿದ್ದರು. ಒಬ್ಬ ಬಡ ವಿಧವೆ ಬಂದು ಎರಡು ತಾಮ್ರದ ಕಾಸು ಹಾಕಿದಳು. ಆಗಿನ ನಾಣ್ಯದ ಲೆಕ್ಕದಲ್ಲಿ ದಿನಗೂಲಿಗೆ ಒಂದು ಬೆಳ್ಳಿಯ ದಿನಾರಿಯಸ್. ಅದರ 64ರಲ್ಲಿ ಒಂದು ಪಾಲು ಈಕೆಯ ಎರಡು ಕಾಸು. ದಿನಗೂಲಿ 640 ರೂಪಾಯಿ ಎಂದಿಟ್ಟುಕೊಂಡರೆ ಆಕೆ ಹಾಕಿದ್ದು 10 ರೂಪಾಯಿ. ಅಷ್ಟೇ ಆಕೆಯಲ್ಲಿದ್ದದ್ದು. ಯೇಸು ಶಿಷ್ಯರನ್ನು ಕರೆದು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆ ಎಂದರು. ಎಷ್ಟು ಕೊಟ್ಟರೆಂಬುದಲ್ಲ, ಕೊಟ್ಟ ಮೇಲೆ ಎಷ್ಟು ಉಳಿಯಿತೆಂಬುದೇ ಅಲ್ಲಿ ಅಳತೆ.

ಇಲ್ಲಿಗೆ ಕಥೆ ನಿಲ್ಲಿಸಿ ಕಾಣಿಕೆ ಚೀಲ ಹಿಡಿಯುವವರೇ ಹೆಚ್ಚು. ಆದರೆ ಮಾರ್ಕನೂ ಲೂಕನೂ ಈ ಕಥೆಗೆ ಮೊದಲು ಬರೆದಿರುವ ಮಾತನ್ನು ನೋಡಬೇಕು. ನಿಲುವಂಗಿ ತೊಟ್ಟು, ಊಟದ ಪಂಕ್ತಿಯಲ್ಲಿ ಮೊದಲ ಮಣೆ ಬಯಸಿ, ವಿಧವೆಯರ ಮನೆಗಳನ್ನು ನುಂಗಿ, ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಯೇಸು ಕಟುವಾಗಿ ಖಂಡಿಸುತ್ತಾರೆ. ಅದರ ಬೆನ್ನಿಗೇ ಈ ವಿಧವೆ ಬರುತ್ತಾಳೆ. ಕಥೆ ಮುಗಿದೊಡನೆ, ಈ ಭವ್ಯ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದೆಂಬ ಮಾತು ಬರುತ್ತದೆ. ಹಿಂದೆ ಮುಂದೆ ಸೇರಿಸಿ ಓದಿದರೆ ಈ ಕಥೆ ವಿಧವೆಗೆ ಹೊಗಳಿಕೆಯಾಗಿರುವಷ್ಟೇ ಬೊಕ್ಕಸ ಕಾಯುವವರಿಗೆ ಪ್ರಶ್ನೆಯೂ ಆಗಿದೆ. ಆಕೆ ತನ್ನ ಜೀವನವನ್ನೇ ಹಾಕಿದಳು ಸರಿ. ನೀವು ಅದನ್ನು ಏನು ಮಾಡಿದಿರಿ?

ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿಲ್ಲ, ಕೊಟ್ಟ ಮೇಲೆ ಅದು ದೇವರದು, ಎಂದು ಕೆಲವರು ಹೇಳುವುದುಂಟು. ನಮ್ಮ ಹಿರಿಯರ ಕೂಟದಲ್ಲಿ ನಾನು ಅಜ್ಜಿಯ ಮಾತನ್ನೆತ್ತಿದಾಗ ಒಬ್ಬರು ಅದನ್ನೇ ಹೇಳಿದರು. ದೇವರದು ಎಂಬುದರಿಂದಲೇ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕಲ್ಲವೆ? ಇದಕ್ಕೆ ಪೌಲನ ನಡತೆಯೇ ಸಾಕ್ಷಿ. ಯೆರೂಸಲೇಮಿನ ಬಡವರಿಗಾಗಿ ಅವನು ಗ್ರೀಸ್ ಮತ್ತು ಏಷ್ಯಾ ಮೈನರಿನ ಸಭೆಗಳಿಂದ ಹಣ ಕೂಡಿಸಿದನು. ಕೊರಿಂಥದವರಿಗೆ ಅವನು ಬರೆದ ಪತ್ರಗಳಲ್ಲಿ ಮೂರು ಸಂಗತಿಗಳು ಕಾಣುತ್ತವೆ. ಪ್ರತಿಯೊಬ್ಬನೂ ವಾರದ ಮೊದಲನೆಯ ದಿನ ತನ್ನ ಆದಾಯಕ್ಕೆ ತಕ್ಕಂತೆ ಮನೆಯಲ್ಲೇ ತೆಗೆದಿಡಬೇಕು. ತಾನು ಬಂದಾಗ ಗಡಿಬಿಡಿಯಿಂದ ವಸೂಲಿ ನಡೆಯಬಾರದು. ಯಾರೂ ಬಲವಂತಕ್ಕೆ ಕೊಡಬಾರದು, ಸಂತೋಷದಿಂದ ಕೊಡಬೇಕು. ಮೂರನೆಯದಾಗಿ, ಈ ಹಣವನ್ನು ತಾನೊಬ್ಬನೇ ಒಯ್ಯುವುದಿಲ್ಲ. ಸಭೆಗಳೇ ಆರಿಸಿದ ನಂಬಿಗಸ್ತರು ಜೊತೆಯಲ್ಲಿ ಬರುತ್ತಾರೆ. ದೇವರ ಮುಂದೆ ನಡತೆ ಸರಿಯಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಿರಬೇಕೆಂದು ಅವನ ವಾದ. ಅಪೊಸ್ತಲನಾದ ಪೌಲನಿಗೇ ಸಾಕ್ಷಿಗಳು ಬೇಕಾಗಿದ್ದರೆ, ಸಣ್ಣ ಊರಿನ ಖಜಾಂಚಿಗೆ ಬೇಡವೆ?

ಇನ್ನು ದಶಮಾಂಶದ ಮಾತು. ಹತ್ತರಲ್ಲೊಂದು ಪಾಲು ಸಭೆಗೆ ಸಲ್ಲಬೇಕೆಂದು ಕಟ್ಟುನಿಟ್ಟಾಗಿ ಹೇಳುವವರುಂಟು. ಮೋಶೆಯ ಧರ್ಮಶಾಸ್ತ್ರದ ಧರ್ಮೋಪದೇಶಕಾಂಡವನ್ನು ತೆರೆದರೆ ಅಲ್ಲಿಯ ದಶಮಾಂಶದ ಚಿತ್ರವೇ ಬೇರೆ. ಎರಡು ವರ್ಷ ಅದನ್ನು ದೇವರ ಸನ್ನಿಧಿಗೆ ಒಯ್ದು ಮನೆಮಂದಿಯೆಲ್ಲ ಸಂತೋಷದಿಂದ ಉಣ್ಣಬೇಕು, ಭೂಮಿಯಿಲ್ಲದ ಲೇವಿಯನನ್ನು ಮರೆಯಬಾರದು. ಮೂರನೆಯ ವರ್ಷ ಅದನ್ನು ಊರಿನಲ್ಲೇ ಕೂಡಿಡಬೇಕು. ಲೇವಿಯನ ಜೊತೆಗೆ ಪರದೇಶಿಯೂ ಅನಾಥನೂ ವಿಧವೆಯೂ ಬಂದು ಹೊಟ್ಟೆತುಂಬ ಉಣ್ಣಬೇಕು. ಹೊಲ ಕೊಯ್ಯುವಾಗಲೂ ಮೂಲೆಮೂಲೆಯನ್ನು ಕೊಯ್ಯದೆ ಬಿಡಬೇಕು. ಬಿದ್ದ ತೆನೆಯನ್ನು ಆಯಬಾರದು, ಅದು ಬಡವರ ಪಾಲು. ರೂತಳೆಂಬ ಪರದೇಶದ ವಿಧವೆ ಬದುಕಿಕೊಂಡದ್ದು ಹಾಗೆ ಬಿಟ್ಟ ತೆನೆಗಳಿಂದ. ಕಣದಲ್ಲಿ ರಾಶಿಯಾದಾಗ, ಮನೆಗೆ ಒಯ್ಯುವ ಮೊದಲೇ ಬಡಗಿ, ಕಮ್ಮಾರ, ಕುಂಬಾರರ ಆಯವನ್ನು ಅಳೆದುಕೊಟ್ಟು ಬಂದ ನಮ್ಮ ಹಳೆಯ ರೈತರಿಗೆ ಈ ನೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಲ್ಲಬೇಕೆಂದ ಶರಣರ ನಾಡು ಇದು.

ಗಳಿಸುವುದೇ ತಪ್ಪೆಂದು ಕ್ರೈಸ್ತಧರ್ಮ ಹೇಳುವುದಿಲ್ಲ. ತಲಾಂತುಗಳ ಸಾಮ್ಯದಲ್ಲಿ ಯಜಮಾನನು ಪರದೇಶಕ್ಕೆ ಹೋಗುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸುತ್ತಾನೆ. ಒಂದು ತಲಾಂತೆಂದರೆ ಸುಮಾರು 6000 ದಿನದ ಕೂಲಿ, ಇಪ್ಪತ್ತು ವರ್ಷದ ದುಡಿಮೆ. ಒಂದೇ ಸಿಕ್ಕಿತೆಂದು ಕೊರಗುವವನಿಗೂ ಸಿಕ್ಕದ್ದು ಕಡಿಮೆಯಲ್ಲ. ಅವನು ಅದನ್ನು ಹೂತಿಟ್ಟನು. ಅದೇ ಅವನ ತಪ್ಪು. ಕದಿಯಲಿಲ್ಲ, ಕುಡಿದು ಕಳೆಯಲಿಲ್ಲ. ಯಾರಿಗೂ ಉಪಯೋಗವಾಗದಂತೆ ಜೋಪಾನ ಮಾಡಿದನು. ನಮ್ಮಲ್ಲಿ ಎಷ್ಟು ವಿದ್ಯೆ, ಎಷ್ಟು ಬಿಡುವು, ಎಷ್ಟು ಒಳ್ಳೆಯ ಮಾತು ಹೀಗೆ ಹೂತುಹೋಗಿವೆಯೋ!

ಜಾನ್ ವೆಸ್ಲಿಯವರು 1760ರಲ್ಲಿ ಅಚ್ಚಾದ ಹಣದ ಉಪಯೋಗವೆಂಬ ಪ್ರಸಂಗದಲ್ಲಿ ಈ ವಿಷಯವನ್ನು ಮೂರು ಮೆಟ್ಟಿಲು ಮಾಡಿ ಹೇಳಿದ್ದಾರೆ. ನ್ಯಾಯವಾಗಿ ಎಷ್ಟು ಸಾಧ್ಯವೋ ಅಷ್ಟು ಗಳಿಸು, ಆದರೆ ನಿನ್ನ ದೇಹಕ್ಕಾಗಲಿ ನೆರೆಯವನಿಗಾಗಲಿ ಕೇಡಾಗದಿರಲಿ; ದುಂದು ಮಾಡದೆ ಉಳಿಸು; ಉಳಿಸಿದ್ದನ್ನು ಕೊಡು. ಮೊದಲೆರಡು ಮೆಟ್ಟಿಲು ಹತ್ತಿ ಮೂರನೆಯದನ್ನು ಹತ್ತದವನು ಏನನ್ನೂ ಮಾಡಿದಂತಾಗಲಿಲ್ಲವೆಂದು ಅವರ ಎಚ್ಚರಿಕೆ. ಆಕ್ಸ್‌ಫರ್ಡಿನಲ್ಲಿದ್ದಾಗ ಅವರ ವರ್ಷದ ಆದಾಯ 30 ಪೌಂಡು. 28ರಲ್ಲಿ ಜೀವನ ಸಾಗಿಸಿ 2 ಪೌಂಡು ಬಡವರಿಗೆ ಕೊಟ್ಟರು. ಮರುವರ್ಷ ಆದಾಯ 60 ಆಯಿತು. ಖರ್ಚು 28ರಲ್ಲೇ ನಿಂತಿತು, 32 ಬಡವರಿಗೆ ಹೋಯಿತು. ಆದಾಯ 90 ಆದಾಗ 62, 120 ಆದಾಗ 92, ಹೀಗೆ ನಡೆಯಿತೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ವೆಸ್ಲಿಯವರ ಹೆಸರಿನ ಮಿಷನ್ ನಮ್ಮ ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿ, 1887ರಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಹೊರಡಿಸಿದ್ದು ಅನೇಕರಿಗೆ ತಿಳಿದಿದೆ. ಆದರೆ ಆ 28 ಪೌಂಡಿನ ಪಾಠ ಅಷ್ಟು ಪ್ರಚಾರಕ್ಕೆ ಬಂದಂತಿಲ್ಲ. ನಮಗೆ ಸಂಬಳ ಹೆಚ್ಚಿದರೆ ಮೊದಲು ಹೆಚ್ಚುವುದು ಖರ್ಚು. ಕಾಣಿಕೆ ಮಾತ್ರ ಅಪ್ಪನ ಕಾಲದಲ್ಲಿ ಇದ್ದಷ್ಟೇ ಇರುತ್ತದೆ.

ಮನೆವಾರ್ತೆ ಭಾನುವಾರದ ಒಂದು ಗಂಟೆಯ ಮಾತಲ್ಲ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನ ಪತ್ರ ಎಚ್ಚರಿಸುತ್ತದೆ. ಮನೆಗೆಲಸದಾಕೆಯ ಸಂಬಳವನ್ನು ಹತ್ತು ದಿನ ತಡಮಾಡಿ, ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗಿದರೆ, ಆ ಸಾವಿರ ಯಾರದು? ಹರಾಜು ನಗೆಯ ಸಂದರ್ಭ, ಮಕ್ಕಳಿಗೆ ಹಬ್ಬ, ಅದನ್ನು ಬೇಡವೆನ್ನುವುದಿಲ್ಲ. ಹೊಲದ ಮೊದಲ ಫಲವನ್ನು ಸನ್ನಿಧಿಗೆ ತರುವುದು ಚೆಲುವಾದ ಪದ್ಧತಿ. ಆದರೆ ಇಬ್ಬರು ದೊಡ್ಡವರು ಹಟಕ್ಕೆ ಬಿದ್ದು ಕೂಗುವಾಗ, ಎರಡು ಮೊಟ್ಟೆ ತಂದ ಮುದುಕಿ ಹಿಂದಿನ ಬೆಂಚಿನಲ್ಲಿ ಸೆರಗು ಮುದುರಿ ಕುಳಿತಿದ್ದನ್ನು ನಾನು ಕಂಡಿದ್ದೇನೆ. ನ್ಯಾಯ ಮೊದಲು, ದಾನ ಆಮೇಲೆ. ಕೊಡಬೇಕಾದದ್ದನ್ನು ಕೊಡದವನು ಕೊಡುವ ಕಾಣಿಕೆ ಪರರ ಗಂಟು.

ಈಗ ಕಾಲ ಬದಲಾಗಿದೆ. ದೇವಾಲಯದ ಬಾಗಿಲಲ್ಲೇ ಫೋನಿನಿಂದ ಹಣ ಕಳುಹಿಸುವ ಚೌಕದ ಗುರುತು ಅಂಟಿಸಿರುತ್ತಾರೆ. ಅನುಕೂಲವೇ ಸರಿ. ಆದರೆ ಬೆರಳು ತಾಗಿಸಿದೊಡನೆ ಹಣ ಹೋಗುವಾಗ ಮನಸ್ಸು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಹಿಡಿ ಅಕ್ಕಿಯಲ್ಲಿ ಒಂದು ಗುಣವಿದೆ. ಅದನ್ನು ತೆಗೆಯುವಾಗ ನಮಗಿಂತ ಹಸಿದವನೊಬ್ಬನ ನೆನಪು ದಿನಕ್ಕೊಮ್ಮೆಯಾದರೂ ಬರುತ್ತದೆ. ಫೋನಿನಲ್ಲಿ ಕೊಡುವವರೂ ಆ ನೆನಪನ್ನು ಉಳಿಸಿಕೊಳ್ಳುವ ದಾರಿ ಹುಡುಕಿಕೊಳ್ಳಬೇಕು.

ಅಜ್ಜಿಯ ಪ್ರಶ್ನೆ ಏನಾಯಿತೆಂದು ಕೇಳುತ್ತೀರಿ. ಎರಡು ಮೂರು ತಿಂಗಳು ಚರ್ಚೆಯಾಯಿತು. ಸ್ವಲ್ಪ ಬಿಸಿಯೂ ಆಯಿತು. ಕೊನೆಗೆ ಹಿಡಿ ಅಕ್ಕಿಗೆ ಪುಸ್ತಕದಲ್ಲಿ ಒಂದು ಬೇರೆ ಹಾಳೆ ತೆರೆದೆವು. ಅಕ್ಕಿಯನ್ನು ಮಾರುವುದು ನಿಂತಿತು. ಮಳೆಗಾಲದಲ್ಲಿ, ತೋಟದ ಕೆಲಸ ಕಡಿಮೆಯಾಗಿ ಕೂಲಿ ಸಿಕ್ಕದ ಆಷಾಢ ಶ್ರಾವಣದಲ್ಲಿ, ಜಾತಿ ಮತ ಕೇಳದೆ ಕಷ್ಟದ ಮನೆಗಳಿಗೆ ಅದನ್ನು ಅಳೆದುಕೊಟ್ಟೆವು. ಎಷ್ಟು ಸೇರು ಬಂತು, ಎಷ್ಟು ಮನೆಗೆ ಹೋಯಿತು ಎಂದು ತಿಂಗಳ ಮೊದಲ ಭಾನುವಾರ ಓದಿ ಹೇಳಿದೆವು. ಪಡೆದವರ ಹೆಸರನ್ನು ಮಾತ್ರ ಓದಲಿಲ್ಲ. ಅಕ್ಕಿ ಕೊಡುವ ಮನೆಗಳು ಹೆಚ್ಚಿದವು. ಗೋಡೆಗೆ ಬಣ್ಣ ಹೊಡೆಸುವುದು ಕೆಲವು ವರ್ಷ ತಡವಾಯಿತು, ಗೋಡೆ ಬೀಳಲಿಲ್ಲ.

ಒಂದು ವರ್ಷ ಅಜ್ಜಿ ಜಾರಿ ಬಿದ್ದು ಕೈ ಮುರಿದುಕೊಂಡರು. ಆ ಮಳೆಗಾಲದಲ್ಲಿ ಅಕ್ಕಿ ಪಡೆಯುವವರ ಪಟ್ಟಿಯಲ್ಲಿ ಅವರ ಮನೆಯೂ ಸೇರಿತು. ನಾನೇ ಚೀಲ ಹೊತ್ತುಕೊಂಡು ಹೋದೆ. ಅವರು ಸಂಕೋಚಪಡಲಿಲ್ಲ, ಕೂರಲು ಮಣೆ ಕೊಡಿಸಿದರು. ಮೊಮ್ಮಗಳು ಅಕ್ಕಿಯನ್ನು ಮಡಕೆಗೆ ಸುರಿಯುತ್ತಿದ್ದಳು. “ತಡಿಯೇ,” ಎಂದು ಅಜ್ಜಿ ಅವಳನ್ನು ನಿಲ್ಲಿಸಿ, ಸರಿಯಿದ್ದ ಎಡಗೈಯಿಂದ ಅದರಲ್ಲಿ ಒಂದು ಹಿಡಿ ತೆಗೆದು, ಗೂಡಿನಲ್ಲಿದ್ದ ಆ ಸೀರೆಯಂಚಿನ ಚೀಲಕ್ಕೆ ಹಾಕಿದರು.

ಯಜಮಾನರಂತೆ ಬದುಕುವವರಿಗೆ ಕೊಡುವುದೂ ಕಷ್ಟ, ತೆಗೆದುಕೊಳ್ಳುವುದೂ ಕಷ್ಟ. ಆ ಅಜ್ಜಿಗೆ ಎರಡೂ ಸುಲಭವಾಗಿತ್ತು. ಅಕ್ಕಿ ತನ್ನದಲ್ಲವೆಂದು ಅವರಿಗೆ ಗೊತ್ತಿತ್ತು. ಅದು ಯಾರು ಉಂಡರೆಂದು ಕೇಳುವುದು ತನ್ನ ಕೆಲಸವೆಂದೂ ಗೊತ್ತಿತ್ತು. ಸಭೆಯ ಬೊಕ್ಕಸವನ್ನೇ ಆಗಲಿ, ಸಂಘದ, ಊರಿನ, ಮನೆಯ ಪೆಟ್ಟಿಗೆಯನ್ನೇ ಆಗಲಿ ಕಾಯುವ ನಾವೆಲ್ಲರೂ ಆಗಾಗ ಆ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳುವುದು ಒಳ್ಳೆಯದು.